ಅಪ್‌ಡೇಟ್: ಆ ಜುಟ್ಟಿನ ಹಕ್ಕಿ ಯಾವುದು ಅಂತ ಗೊತ್ತಾಯ್ತು
ಮೇ ಕೊನೇಲಿ ಮೈಸೂರಿನ ಕುಕ್ಕರಹಳ್ಳಿ ಕೆರೆ ಹತ್ರ ಕಪ್ಪು-ಬಿಳಿ ಜುಟ್ಟಿನ ಹಕ್ಕಿ ನೋಡ್ದೆ, ಯಾವುದು ಅಂತ ಕೇಳಿದ್ನಲ್ಲ, ಚಾತಕ ಅಂದೋರೇ ಸರಿ. ವಾರಪೂರ್ತಿ ಬೆಳಿಗ್ಗೆ ಆರಕ್ಕೇ ಹೋದೆ, ಮೊದಲ ಮೂರು ದಿನ ಬರೀ ಹೆಜ್ಜಾರ್ಲೆ, ಹಾವಕ್ಕಿ ನೋಡ್ಕೊಂಡು ಸೆಕೇಲಿ ಬೆವರು ಸುರಿಸ್ಕೊಂಡು ವಾಪಸ್. ನಾಲ್ಕನೇ ದಿನ ಹರಟೆಮಲ್ಲ ಹಕ್ಕಿಗಳು ಒಂದೇ ಸಮ ಕಿರುಚಾಡ್ತಿದ್ವು, ನೋಡಿದ್ರೆ ಪೊದೆ ಮೇಲೆ ಇವನೇ, ಹಾರಿದಾಗ ರೆಕ್ಕೇಲಿ ಬಿಳಿ ಪಟ್ಟಿ ಕ್ಲಿಯರ್ ಆಗಿ ಕಾಣ್ಸ್ತು. ಅವುಗಳ ಗೂಡಲ್ಲೇ ತಾನೇ ಇದು ಮೊಟ್ಟೆ ಇಡೋದು, ಬೈಯದೆ ಇನ್ನೇನು ಮಾಡ್ತವೆ! ಈ ಚಾತಕ ಆಫ್ರಿಕಾದಿಂದ ವಲಸೆ ಬಂದಿದ್ದಾ ಅಂದ್ರೆ ಹೇಳಕ್ಕಾಗಲ್ಲ, ದಕ್ಷಿಣ ಭಾರತದಲ್ಲಿ ವರ್ಷಪೂರ್ತಿ ಇಲ್ಲೇ ಇರೋವೂ ಇವೆ. ಮಳೆಹನಿ ಮಾತ್ರ ಕುಡಿಯುತ್ತೆ ಅನ್ನೋದು ಬರೀ ಕತೆ ಅಂದ್ರೆ ನಮ್ಮಮ್ಮ ಒಪ್ತಿಲ್ಲ, ಶನಿವಾರ ಸಂಜೆ ಮಳೆ ಬೇರೆ ಬಂತು, ಇನ್ನು ನನ್ನ ಮಾತು ಯಾರು ಕೇಳ್ತಾರೆ.