ಬೆಳಕಿನಿಂದ ರಾಸಾಯನಿಕ ಕ್ರಿಯೆ ನಡೆಸುವ ಪಾಲಿಮರ್ ನ್ಯಾನೊ ಕಣ ನೀರಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ, ಟಿಎಚ್‌ಎಫ್ (ಟೆಟ್ರಾಹೈಡ್ರೋಫ್ಯುರಾನ್) ಎಂಬ ದ್ರಾವಕದಲ್ಲಿ ಮಾಡಲ್ಲ. ಯಾಕೆ?

ನೀಲಿದೀಪ:
ಎರಡು ವಾರದಿಂದ ತಲೆ ಕೆಟ್ಟಿದೆ. ಎಫ್8ಬಿಟಿ ಎಂಬ, ಬೆಳಕು ನುಂಗಿ ಹೊಳೆಯುವ ಪಾಲಿಮರ್‌ನ ಕಣ ಮಾಡುತ್ತಿದ್ದೇನೆ. ಪಾಲಿಮರ್ ಮತ್ತು ಪಿಎಸ್-ಪಿಇಜಿ (ಕಣ ನೀರಲ್ಲಿ ಗಂಟು ಕಟ್ಟದಂತೆ ಹಿಡಿಯುವ, ತುದಿಯಲ್ಲಿ ಕಾರ್ಬಾಕ್ಸಿಲ್ ಇರುವ ಇನ್ನೊಂದು ಪಾಲಿಮರ್) ಎರಡನ್ನೂ ಟಿಎಚ್‌ಎಫ್‌ನಲ್ಲಿ ಕರಗಿಸುವುದು, ಸೋನಿಕೇಟರ್‌ನಲ್ಲಿ (ಶಬ್ದದ ಅಲೆಯಿಂದ ಕಲಕುವ ಯಂತ್ರ) ಇಟ್ಟ ನೀರಿಗೆ ಸಿರಿಂಜಿನಿಂದ ಒಂದೇ ಏಟಿಗೆ ಚುಚ್ಚುವುದು, ಆಮೇಲೆ ನೈಟ್ರೋಜನ್ ಊದಿ ಟಿಎಚ್‌ಎಫ್ ಓಡಿಸುವುದು. ಕಣದ ಗಾತ್ರ ಅಳೆಯುವ ಡಿಎಲ್‌ಎಸ್‌ನಲ್ಲಿ 50 ನ್ಯಾನೊಮೀಟರ್ ಆಸುಪಾಸು ಬರುತ್ತದೆ. ಎಲೆಕ್ಟ್ರಾನ್ ಕೊಡಲು ಆಸ್ಕಾರ್ಬಿಕ್ ಆಮ್ಲ ಹಾಕಿ ನೀಲಿ ಎಲ್‌ಇಡಿ ಮುಂದಿಟ್ಟರೆ ಹೈಡ್ರೋಜನ್ ಸಲೀಸಾಗಿ ಬರುತ್ತದೆ.

ಈಗ ಫೆನಾಸಿಲ್ ಬ್ರೋಮೈಡ್‌ನಿಂದ ಬ್ರೋಮಿನ್ ಕೀಳಬೇಕು. (ಏನು ಕಣ್ಣುರಿ ಅಂತೀರಿ! ಈರುಳ್ಳಿ ಎಷ್ಟೋ ವಾಸಿ.) ಅದು ನೀರಲ್ಲಿ ಕರಗುವುದಿಲ್ಲ. ಅದಕ್ಕೆ ಹತ್ತರಲ್ಲಿ ಒಂಬತ್ತು ಪಾಲು ಟಿಎಚ್‌ಎಫ್ ಮಾಡಿಕೊಂಡೆ. ಯುವಿ ಟಾರ್ಚ್ ಹಿಡಿದರೆ ಮೊದಲಿಗಿಂತ ಜೋರಾಗಿ ಹೊಳೆಯಿತು, ಖುಷಿಯಾಯಿತು. 6 ಗಂಟೆ ಬಿಟ್ಟು ಜಿಸಿ (ಗ್ಯಾಸ್ ಕ್ರೊಮಟೋಗ್ರಾಫ್) ನೋಡಿದರೆ, ಬ್ರೋಮಿನ್ ಹೋದ ಮೇಲೆ ಸಿಗಬೇಕಾದ ಅಸಿಟೋಫಿನೋನ್‌ನ ಪೀಕ್ ನೆಪಕ್ಕಷ್ಟೆ.

ಹಳೇ ಸಿರಿಂಜು:
ಓಡಿಸಿದ ಟಿಎಚ್‌ಎಫ್ ಅನ್ನೇ ಮತ್ತೆ ಕರೆತಂದಿದ್ದೀರಿ, ಅಲ್ವಾ? ಎಫ್8ಬಿಟಿ ಅದರಲ್ಲಿ ಕರಗುತ್ತದೆ. ನಿಮ್ಮ ಬಾಟಲಿಯಲ್ಲಿ ಈಗ ಕಣ ಉಳಿದಿರಲಿಕ್ಕಿಲ್ಲ, ಬಿಡಿ ಬಿಡಿ ಸರಪಳಿ ಇರಬೇಕು.

ಆ ಹೊಳಪಿಗೆ ಖುಷಿಪಡಬೇಡಿ. ನುಂಗಿದ ಬೆಳಕು ಕೆಲಸ ಮಾಡದೆ ಬೆಳಕಾಗಿಯೇ ವಾಪಸ್ ಬರುತ್ತಿದೆ. ಕಣದೊಳಗೆ ಸರಪಳಿಗಳು ಒತ್ತೊತ್ತಾಗಿರುತ್ತವೆ. ಹಾಗಾಗಿ ಎಕ್ಸೈಟಾನ್ (ನುಂಗಿದ ಬೆಳಕಿನ ಶಕ್ತಿಯ ಪೊಟ್ಟಣ) ಒಂದರಿಂದ ಒಂದಕ್ಕೆ ಜಿಗಿದು ಮೇಲ್ಮೈ ಮುಟ್ಟಿ ಅಲ್ಲಿ ಚಾರ್ಜ್ ಬೇರೆ ಮಾಡಬಹುದು. ಅದಕ್ಕೂ ಸುಮಾರು 10 ನ್ಯಾನೊಮೀಟರ್ ದಾಟುವಷ್ಟೇ ಆಯಸ್ಸು. ಕಣ ಚಿಕ್ಕದಿರಬೇಕು ಅನ್ನುವುದು ಅದಕ್ಕೇ.

ಪರೀಕ್ಷೆ ಸುಲಭ. ಕೆಂಪು ಲೇಸರ್ ಪಾಯಿಂಟರ್ ಹಾಯಿಸಿ. ಹಸಿರು ಬೇಡ, ಕೆಂಪನ್ನು ಈ ಪಾಲಿಮರ್ ನುಂಗುವುದಿಲ್ಲ. ಕಣ ಬೆಳಕನ್ನು ಚದುರಿಸುತ್ತದೆ, ಹಾಗಾಗಿ ಗೆರೆ ಕಂಡರೆ ಕಣ ಇದೆ.

ಟಿಎಚ್‌ಎಫ್ ಬದಲು ಮೆಥನಾಲ್ ಬೆರೆಸಿ ನೋಡಿ, ಅದರಲ್ಲಿ ಎಫ್8ಬಿಟಿ ಕರಗುವುದಿಲ್ಲ. ಆದರೆ ತೊಟ್ಟು ತೊಟ್ಟಾಗಿ ಹಾಕಿ. ಪಿಎಚ್ 4ಕ್ಕಿಂತ ಕೆಳಗೆ ಇಳಿಸಬೇಡಿ. ನಾನೊಮ್ಮೆ ಆಸ್ಕಾರ್ಬಿಕ್ ಆಮ್ಲವನ್ನು ಪಿಎಚ್ ನೋಡದೆ ಸುಮ್ನೆ ಸುರಿದೆ. ಕಾಯಿಸಿದ ಹಾಲಿಗೆ ನಿಂಬೆಹಣ್ಣು ಹಿಂಡಿದ ಹಾಗಾಯಿತು. ಕಣದ ಮೇಲಿನ ಕಾರ್ಬಾಕ್ಸಿಲ್ ಗುಂಪಿನ ಚಾರ್ಜ್ ಹೋಯಿತು, ಎಲ್ಲ ಹಳದಿ ಗಸಿಯಾಗಿ ತಳಕ್ಕೆ ಕೂತಿತು.

ಗ್ಲೋವ್‌ಬಾಕ್ಸ್:
ಗಾಳಿ ತಾಗಿದ ಮೆಥನಾಲ್‌ನಲ್ಲಿ ನೀರಿಗಿಂತ ಏಳೆಂಟು ಪಟ್ಟು ಆಮ್ಲಜನಕ ಇರುತ್ತದೆ. ಆಮ್ಲಜನಕ ಈ ಕ್ರಿಯೆಗೆ ಅಡ್ಡಿ, ಅದನ್ನು ಓಡಿಸಲು ನೀರಿಗೆ ಸಾಕಾದ ನೈಟ್ರೋಜನ್ ಇದಕ್ಕೆ ಸಾಲದು. ನೈಟ್ರೋಜನ್ ಅನ್ನು ಮೊದಲು ಇನ್ನೊಂದು ಬಾಟಲಿಯ ಮೆಥನಾಲ್ ಮೂಲಕ ಹಾಯಿಸಿ. ಇಲ್ಲದಿದ್ದರೆ ನಿಮ್ಮ ಮೆಥನಾಲೇ ಹಾರಿಹೋಗುತ್ತದೆ. ಹೋಲಿಸಿ ನೋಡಲು ಪಾಲಿಮರ್ ಇಲ್ಲದ ಒಂದು ಬಾಟಲಿಯನ್ನೂ ಪಕ್ಕದಲ್ಲಿಡಿ.

ನೀಲಿದೀಪ:
ಲೇಸರ್ ಹಾಯಿಸಿದೆ. ನೀರಿನ ಬಾಟಲಿಯಲ್ಲಿ ನೂಲಿನ ಹಾಗೆ ಕೆಂಪು ಗೆರೆ. ಟಿಎಚ್‌ಎಫ್ ಬಾಟಲಿಯಲ್ಲಿ ಏನೂ ಇಲ್ಲ, ಗೋಡೆ ಮೇಲೆ ಚುಕ್ಕಿ ಮಾತ್ರ. ಎರಡು ವಾರ ದ್ರಾವಣ ಇಟ್ಟುಕೊಂಡು ಕಣ ಅಂತ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ! ಅರ್ಧ ಮೆಥನಾಲ್ ಹಾಕಿದ್ದರಲ್ಲಿ ಗೆರೆ ಇನ್ನೂ ಇದೆ. ಈಗ ನೈಟ್ರೋಜನ್ ಬಿಟ್ಟಿದ್ದೇನೆ.