ಮುಂಡರಗಿ ಕಡೆ ಕಂಡ ಬೆಂಕಿಯುಂಡೆ: ಇದು ಜೆಮಿನಿಡ್ ಉಲ್ಕೆಯೇ?

ಪ್ರಶ್ನೆ (ಮುಂಡರಗಿ ತಾಲ್ಲೂಕು):
ನಿನ್ನೆ ರಾತ್ರಿ ಹತ್ತರ ಸುಮಾರಿಗೆ ಕಡಲೆ ಹೊಲದ ಕಾವಲಿನಲ್ಲಿದ್ದಾಗ, ನೆತ್ತಿಯಿಂದ ಕೊಂಚ ದಕ್ಷಿಣಕ್ಕೆ ಹಸಿರು ಬೆಳಕೊಂದು ಹೊತ್ತಿಕೊಂಡು, ಉತ್ತರಕ್ಕೆ ಇಳಿಯುತ್ತ, ಅರ್ಧ ಆಕಾಶದ ಎತ್ತರದಲ್ಲಿ ಎರಡು ಹೋಳಾಗಿ ಆರಿತು. ನಾಲ್ಕೈದು ಸೆಕೆಂಡುಗಳಷ್ಟೇ ಇದ್ದ ಆ ಬೆಳಕಿಗೆ ಕಡಲೆ ಗಿಡಗಳ ನೆರಳು ನೆಲದ ಮೇಲೆ ಸರಿದದ್ದನ್ನು ಕಂಡೆ. ಸುಮಾರು ಮೂರು ನಿಮಿಷಗಳ ನಂತರ ಗುಡುಗಿನಂತಹ ಸದ್ದು ಕೇಳಿಸಿತು. ಇದು ಡಿಸೆಂಬರ್ ನಡುವಿನ ಜೆಮಿನಿಡ್ ಉಲ್ಕಾವರ್ಷಕ್ಕೆ ಸೇರಿದ್ದೇ? ಕಲ್ಲು ನೆಲ ಮುಟ್ಟಿರಬಹುದೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಧಾರವಾಡ):
ತಾವು ದಿಕ್ಕನ್ನೂ ಸದ್ದಿನ ಅಂತರವನ್ನೂ ಗಮನಿಸಿದ್ದು ಬಹಳ ಒಳ್ಳೆಯದಾಯಿತು. ಜೆಮಿನಿಡ್ ಉಲ್ಕೆಯ ಜಾಡನ್ನು ಹಿಂದಕ್ಕೆ ಎಳೆದರೆ ಅದು ಮಿಥುನ ರಾಶಿಯನ್ನು ಸೇರಬೇಕು; ಆ ಹೊತ್ತಿಗೆ ಮಿಥುನ ಪೂರ್ವದಲ್ಲಿರುತ್ತದೆ, ತಮ್ಮ ಉಲ್ಕೆ ಬಂದದ್ದು ದಕ್ಷಿಣದಿಂದ. ಅಲ್ಲದೆ ಫೇಥಾನ್ ಎಂಬ ಕ್ಷುದ್ರಗ್ರಹದಿಂದ ಚದುರಿದ ಆ ಕಣಗಳು ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ ನುಗ್ಗಿ, ಸಾಮಾನ್ಯವಾಗಿ ಬಹಳ ಎತ್ತರದಲ್ಲೇ ಉರಿದುಹೋಗುತ್ತವೆ.

ಸದ್ದು ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಮೂರು ನಿಮಿಷವೆಂದರೆ, ಅದು ಒಡೆದ ಜಾಗ ತಮ್ಮಿಂದ ನೇರವಾಗಿ ಅರವತ್ತು ಕಿಲೋಮೀಟರ್ ದೂರ. ಅರ್ಧ ಆಕಾಶದ ಎತ್ತರವನ್ನು ಲೆಕ್ಕಕ್ಕೆ ಹಿಡಿದರೆ ನೆಲದಿಂದ ನಲವತ್ತು ಕಿಲೋಮೀಟರ್ ಮೇಲೆ, ಹೆಚ್ಚುಕಡಿಮೆ ನರೇಗಲ್ಲಿನ ನೆತ್ತಿಗೆ. ಸದ್ದು ಕೇಳುವಷ್ಟು ಕೆಳಗಿಳಿದಿರುವುದರಿಂದ ಚೂರುಗಳು ಉಳಿದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ಉತ್ತರ (ಹಾವೇರಿ):
ರಾಕೆಟ್ ಅವಶೇಷವಾಗಿರಬಹುದೇ ಎಂದು ನಮ್ಮಲ್ಲಿ ಕೆಲವರು ಕೇಳುತ್ತಿದ್ದಾರೆ. 2022ರ ಏಪ್ರಿಲ್ 2ರಂದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ ಅಂಥವು ಬಿದ್ದದ್ದು ನಿಜ. ಆದರೆ ಅವು ಸೆಕೆಂಡಿಗೆ ಎಂಟು ಕಿಲೋಮೀಟರ್‌ನಷ್ಟು ವೇಗದಲ್ಲಿ, ಬಹುತೇಕ ಅಡ್ಡಡ್ಡ, ಅರ್ಧ ನಿಮಿಷಕ್ಕೂ ಮೀರಿ ಸಾಗುತ್ತವೆ. ಇದು ಉಲ್ಕೆಯೇ.

ಉತ್ತರ (ಹುಬ್ಬಳ್ಳಿ):
ನರೇಗಲ್, ಗಜೇಂದ್ರಗಡ ಭಾಗದ ರೈತರಲ್ಲಿ ನನ್ನ ವಿನಂತಿ. ಎರೆ ಹೊಲದಲ್ಲಿ ಕಲ್ಲೇ ಅಪರೂಪ. ಆದ್ದರಿಂದ ತೆಳುವಾದ ಕಪ್ಪು ಸಿಪ್ಪೆಯುಳ್ಳ, ಗಾತ್ರಕ್ಕೆ ಮೀರಿ ತೂಗುವ ಕಲ್ಲು ಕಂಡರೆ, ಮೊದಲು ಇದ್ದಲ್ಲಿಯೇ ಫೋಟೊ ತೆಗೆದು, ಬರಿಗೈಯಿಂದ ಮುಟ್ಟದೆ ಶುದ್ಧವಾದ ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಕು. ಅಯಸ್ಕಾಂತ ಹಿಡಿದು ಪರೀಕ್ಷಿಸಲೇಬಾರದು, ಕಲ್ಲಿನೊಳಗಿನ ಪುರಾತನ ಕಾಂತತ್ವದ ಗುರುತು ಅದರಿಂದ ಅಳಿಸಿಹೋಗುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ತಿಳಿಸುವುದು ಸರಿಯಾದ ಕ್ರಮ. ರೋಣದ ಕಡೆಯ ಅಂಗಡಿಗಳ, ಪೆಟ್ರೋಲ್ ಬಂಕ್‌ಗಳ ಸಿಸಿಟಿವಿ ದೃಶ್ಯಗಳನ್ನು ಯಾರಾದರೂ ಇಂದೇ ಉಳಿಸಿಕೊಳ್ಳಲಿ. ಕೆಲವೇ ದಿನಗಳಲ್ಲಿ ಅದರ ಮೇಲೆ ಹೊಸ ದೃಶ್ಯ ದಾಖಲಾಗಿಬಿಡುತ್ತದೆ.