ತಾತನ ಲಿವರ್ ರೈಫಲ್‌ಗೆ ಯಾವ ತೋಟಾ ಸರಿಹೋಗ್ತೈತಿ? 150 ಗ್ರೇನೋ 170 ಗ್ರೇನೋ

ಸಿರುಗುಪ್ಪ ಗದ್ದಿಯವ

ನಮಸ್ಕಾರ್ರೀ ಎಲ್ರಿಗೂ. ನಮ್ ತಾತ ಟಿ.ಬಿ. ಡ್ಯಾಮ್ ಕಟ್ಟೋ ಟೈಮಿನ್ಯಾಗ ಹೊಸಪೇಟ್ಯಾಗ ಗುತ್ತಿಗಿ ಕೆಲಸ ಮಾಡ್ತಿದ್ದ, ಅವಾಗ ಅಲ್ಲಿದ್ದ ಒಬ್ರು ಇಂಜಿನಿಯರ್ ಊರು ಬಿಟ್ಟು ಹೋಗೋ ಮುಂದ ತಮ್ಮ ವಿಂಚೆಸ್ಟರ್ 94 ಲಿವರ್ ರೈಫಲ್ (ಕೆಳಗಿನ ಲಿವರ್ ಒತ್ತಿ ತೋಟಾ ಏರಿಸೋದು) ತಾತಗ ಮಾರಿ ಹೋಗಿದ್ರಂತ. ತಾತ ಆದ ಮ್ಯಾಲ ಅಪ್ಪ, ಈಗ ಎರಡು ವರ್ಷದಿಂದ ನನ್ನ ಲೈಸೆನ್ಸಿಗೆ ಬಂದೈತಿ. ಮೊದ್ಲೇ ಹೇಳಿಬಿಡ್ತೀನಿ, ಬ್ಯಾಟಿ ಮಾತು ಇಲ್ಲಿ ಬ್ಯಾಡ, 1972ರ ವನ್ಯಜೀವಿ ಕಾಯ್ದೆ ಬಂದಾಗಿನಿಂದ ನಮ್ ಮನ್ಯಾಗ ಅದು ಮುಗಿದ ಕತಿ. ನಮ್ ಹೊಲದಾಗ ಚಿಗರಿ ಹಿಂಡು ದಿನಾ ಬರ್ತಾವ, ಕಡ್ಲಿ ಮೇದು ಹೋಗ್ತಾವ, ಹೋಗ್ಲಿ. ನನಗ ಬೇಕಾಗಿರೋದು ತಾತನ ರೈಫಲ್ ರೇಂಜಿನ್ಯಾಗ ನೂರು ಗಜಕ್ಕ ಚೆಂದಗ ಹೊಡೀಬೇಕು ಅಷ್ಟ.

ಹೋದ ವಾರ ರೇಂಜಿಗೆ ಒಯ್ದಿದ್ದೆ. ಡೀಲರ್ ಹತ್ರ ತಗೊಂಡ ಹೊಸಾ 150 ಗ್ರೇನ್ (ಗ್ರೇನು ಅಂದ್ರ ಗುಂಡಿನ ತೂಕದ ಅಳತಿ) ಡಬ್ಬಿ ಅದಾವು, ಅದ್ರಾಗ ಮೊದಲ ಮೂರು ಗುಂಡು ಅಂಗೈಯಗಲದಾಗ ಕುಂತ್ವು, ನಾಕನೇದು ಮ್ಯಾಲ ಹೋತು, ಐದನೇದು ಇನ್ನೂ ಮ್ಯಾಲ. ಮತ್ತ ಎಲ್ಲಾವೂ ನಾಕು ಇಂಚು ಎಡಕ್ಕ. ಆಮ್ಯಾಲ ತಾತನ ಕಾಲದ 170 ಗ್ರೇನ್ ಡಬ್ಬಿ ತಗದೆ, ಆರು ಹೊಡದೆ, ಐದು ಸರಿ ಹೋದ್ವು, ಒಂದು ಮಾತ್ರ ಕುದುರಿ (ಟ್ರಿಗರ್) ಒತ್ತಿದ ಮ್ಯಾಲ ಚಿಟ್ ಅಂತು, ಅರ್ಧ ಸೆಕೆಂಡ್ ಬಿಟ್ಟು ಢಂ ಅಂತು. ಎದಿ ಝಲ್ ಅಂತ್ರೀ. ಖಾಲಿ ತೋಟಾ ನೋಡಿದ್ರ ಎರಡರ ಕುತ್ತಿಗಿ ಉದ್ದಕ ಸೀಳಿತ್ತು.

ಇನ್ನೊಂದು, ಬ್ಯಾರಲ್ ಮ್ಯಾಲ 30 ಡಬ್ಲ್ಯು.ಸಿ.ಎಫ್. ಅಂತ ಕೆತ್ತೈತಿ, ಡಬ್ಬಿ ಮ್ಯಾಲ 30-30 ಅಂತೈತಿ, ಇವೆರಡೂ ಒಂದೇನಾ? ಪರಿಚಯದವ್ರು ಒಬ್ರು ಚೂಪ ಮೂತಿ ಗುಂಡಿನ ತೋಟಾ ಹತ್ತು ಕೊಡ್ತೀನಿ, ದೂರ ಹೋಗ್ತಾವ, ಮ್ಯಾಗಜಿನ್‌ಗೆ ಜೋಡಾಗಿ ಕುಂದ್ರದಿದ್ರ ತುದಿ ಅರದುಬಿಡು ಅಂತಾರ. ತಗೊಳ್ಳೋದಾ ಬ್ಯಾಡವಾ ತಿಳದವ್ರು ಹೇಳ್ರಿ.

ಮಸ್ಕಿ ಕಾಕಾ

ತಮ್ಮಾ, ನಾ ಪೊಲೀಸ್ ಇಲಾಖೆದಾಗ ಬಂದೂಕು ರಿಪೇರಿ ವಿಭಾಗದಾಗ ಇದ್ದು ರಿಟೈರ್ ಆದವ. ಮೊದಲು ಆ ಹಳೀ ಡಬ್ಬಿ ಮಾತು. ಅದನ್ನ ಇನ್ನ ಮುಟ್ಟಬ್ಯಾಡ. ಚಿಟ್ ಅಂದು ತಡ ಆಗಿ ಸಿಡೀತದಲ್ಲ, ಅದು ಕೇಪು (ತೋಟಾದ ಬುಡದಾಗ ಕಿಡಿ ಹತ್ತಿಸೋದು) ಇಲ್ಲಾ ಮದ್ದು ಕೆಟ್ಟದ ಅನ್ನೋ ಗುರ್ತು. ಮುಂದ ಯಾವಾಗರೆ ಚಿಟ್ ಅಂದು ಸುಮ್ಮನಾದ್ರ ಲಿವರ್ ತಗೀಬ್ಯಾಡ, ನಳಿಗಿ ಗುರಿ ಕಡೇನ ಹಿಡದು ಕಮ್ಮಿ ಅಂದ್ರ ಅರ್ಧ ನಿಮಿಷ ನಿಲ್ಲು. ಲಿವರ್ ತಗದು ತೋಟಾ ಹೊರಗ ಬಂದ ಮ್ಯಾಲ ಸಿಡೀತು ಅಂದ್ರ ಅದರ ಹಿತ್ತಾಳಿ ಚೂರು ಮುಖಕ್ಕ, ಕಣ್ಣಿಗೆ ಬರ್ತಾವ. ಕುತ್ತಿಗಿ ಸೀಳಿದ್ದು ಹಿತ್ತಾಳಿ ವಯಸ್ಸಾಗಿ ಬಿರುಸಾಗಿದ್ದಕ್ಕ. ಹೊಡೆಯೋಕಿಂತ ಮುಂಚೆ ಒಂದೊಂದು ತೋಟಾ ಬೆಳಕಿಗೆ ಹಿಡದು ನೋಡು, ಕುತ್ತಿಗಿ ಹತ್ರ ಕೂದಲಿನಂಥ ಗೆರಿ ಇದ್ರ, ಹಸಿರು ಪಾಚಿ ಹಿಡದಿದ್ರ ಅದು ಮುಗೀತು. ಉಳದವನ್ನ ಮನ್ಯಾಗ ಒಡೀಲಿಕ್ಕೆ ಹೋಗಬ್ಯಾಡ, ಲೈಸೆನ್ಸ್ ಇರೋ ಡೀಲರ್‌ಗೆ ಲೆಕ್ಕ ಬರಿಸಿ ಒಪ್ಪಿಸು.

30 ಡಬ್ಲ್ಯು.ಸಿ.ಎಫ್. ಮತ್ತ 30-30 ಎರಡೂ ಒಂದ. ವಿಂಚೆಸ್ಟರ್ ಸೆಂಟರ್ ಫೈರ್ ಅನ್ನೋದರ ಗಿಡ್ಡ ಹೆಸರು ಅದು, ಹಳೀ ರೈಫಲ್ ಮ್ಯಾಲ ಹಂಗ ಕೆತ್ತಿರ್ತಾರ. ಆದ್ರ ಇದೇ 94 ರೈಫಲ್ 32 ವಿಂಚೆಸ್ಟರ್ ಸ್ಪೆಷಲ್‌ನಾಗೂ ಬಂದದ, ಎರಡೂ ತೋಟಾ ನೋಡಾಕ ಅಣ್ಣ ತಮ್ಮ ಇದ್ದಂಗ, ಗುಂಡಿನ ದಪ್ಪ ಬ್ಯಾರೆ, ಒಂದು 0.308 ಇಂಚು ಇನ್ನೊಂದು 0.321. ಅದಕ್ಕ ಬ್ಯಾರಲ್ ಮ್ಯಾಲ ಏನು ಕೆತ್ತದ ಅನ್ನೋದ ಕೊನೀ ಮಾತು, ಯಾರರ ಬಾಯಿಮಾತು ಅಲ್ಲ.

ಮತ್ತ ನಳಿಗಿ ಸ್ವಚ್ಛ ಹೆಂಗ ಮಾಡ್ತೀ? ಈ ರೈಫಲ್‌ಗೆ ಹಿಂದಿನಿಂದ ಸಳಿ ಹಾಕಲಿಕ್ಕೆ ಬರೂದಿಲ್ಲ, ಎಲ್ಲಾರೂ ಬಾಯಿ ಕಡೆಯಿಂದ ಕಬ್ಬಿಣದ ಸಳಿ ತುರುಕ್ತಾರ, ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಬಾಯಿ ಅಂಚು ಒಂದು ಮಗ್ಗಲಿಗೆ ಸವೀತದ. ಗುಂಡು ಕೊನೀಗೆ ಬಿಡೋ ಜಾಗಾನ ಅದು, ಅಲ್ಲಿ ಸವೆದ್ರ ಯಾವ ತೋಟಾ ಹಾಕಿದ್ರೂ ಗುಂಡು ಬೀಳೋ ಗುಂಪು ಬಿಗಿ ಆಗೂದಿಲ್ಲ. ಹಗ್ಗಕ್ಕ ಬ್ರಷ್ ಕಟ್ಟಿದ್ದು ಬರ್ತದ, ಅದನ್ನ ಹಿಂದಿನಿಂದ ಇಳಿಬಿಟ್ಟು ಬಾಯಿ ಕಡೆ ನೆಟ್ಟಗ ಎಳಿ. ಬಾಯಿ ಸವೆದದೋ ಇಲ್ಲೋ ಲೈಸೆನ್ಸ್ ಇರೋ ಗನ್‌ಸ್ಮಿತ್ ಕೈಲಿ ಒಮ್ಮೆ ನೋಡಿಸು.

ಲಿವರ್ ಹೆದರಿಕೊಂಡು ಅರ್ಧ ತಗೀಬ್ಯಾಡ, ಪೂರಾ ಮುಂದಕ್ಕ ಒತ್ತಿ ಪೂರಾ ಹಿಂದಕ್ಕ ತಾ. ಅರ್ಧ ತಗದಾಗಲೇ ತೋಟಾ ಅಡ್ಡ ಸಿಗಬೀಳೂದು. ಲಿವರ್ ಬಿಗಿಯಾಗಿ ಹಿಡೀದಿದ್ರ ಕುದುರಿ ಒತ್ತಲಿಕ್ಕೆ ಬರೂದಿಲ್ಲ, ಅದು ಕೆಟ್ಟದ್ದಲ್ಲ, ರಕ್ಷಣೆಗೆ ಹಂಗ ಮಾಡ್ಯಾರ.

ಗಂಗಾವತಿ ಟು ಟೆಕ್ಸಾಸ್

ಚೂಪ ಮೂತಿದು ಬ್ಯಾಡವೇ ಬ್ಯಾಡ ಅಣ್ಣಾ, ಕೈ ಮುಗದು ಹೇಳ್ತೀನಿ. ಊರು ಗಂಗಾವತಿ, ಹನ್ನೊಂದು ವರ್ಷದಿಂದ ಇಲ್ಲಿ ಟೆಕ್ಸಾಸಿನ್ಯಾಗ ಅದೀನಿ, ಇಲ್ಲಿ ಈ ರೈಫಲ್ ಅಂದ್ರ ಜಿಂಕಿ ಬ್ಯಾಟಿ ರೈಫಲ್ ಅಂತನ ಹೆಸರು, ನವೆಂಬರ್ ಸೀಸನ್ನಿಗೆ ಲೈಸೆನ್ಸ್ ತಗೊಂಡು ಬಿಳಿಬಾಲದ ಜಿಂಕಿ ಹೊಡಿಯೋರ ಕೈಯಾಗ ತಾತ ಮುತ್ತಾತನ 94 ಈಗಲೂ ಇರ್ತಾವ. ನನ್ನ ಹತ್ರಾನೂ ಒಂದೈತಿ.

ಒಂದು ಕೆಲಸ ಮಾಡ್ರಿ. ಎರಡು ಖಾಲಿ ಪೆನ್ನು ತಗೊಂಡು ಟೇಬಲ್ ಮ್ಯಾಲ ಒಂದರ ಹಿಂದ ಒಂದು ಉದ್ದಕ ಇಡ್ರಿ, ಹಿಂದಿನ ಪೆನ್ನಿನ ಮೂತಿ ಮುಂದಿನ ಪೆನ್ನಿನ ಬುಡಕ್ಕ ತಾಕಿರ್ತೈತಿ ನೋಡ್ರಿ. ನಿಮ್ ರೈಫಲ್‌ನ ಮ್ಯಾಗಜಿನ್ ಬ್ಯಾರಲ್ ಕೆಳಗಿನ ಕೊಳವಿ, ಅದ್ರಾಗ ತೋಟಾ ನಿಲ್ಲೋದು ಹಿಂಗನ. ಬುಡದ ನಟ್ಟ ನಡುವ ಇರೋದು ಕೇಪು. ಚೂಪ ಮೂತಿ ಕೇಪಿನ ಮ್ಯಾಲ ಕುಂತೈತಿ, ಮುಂದಿನಿಂದ ಸ್ಪ್ರಿಂಗ್ ಒತ್ತತೈತಿ, ನೀವು ಒಂದು ಗುಂಡು ಹೊಡದಾಗ ರೈಫಲ್ ಹಿಂದಕ್ಕ ಒದೀತೈತಿ, ಆ ಒದತಕ್ಕ ಮೂತಿ ಮೊಳಿ ಹೊಡದಂಗ ಕೇಪಿಗೆ ಬಡದ್ರ ಕೊಳವಿಯೊಳಗ ಸಿಡೀತೈತಿ, ಎಡಗೈ ಇರೋದು ಅದರ ಮ್ಯಾಲನ. ಅದಕ್ಕನ 30-30 ಗುಂಡಿನ ಮೂತಿ ಚಪ್ಪಟಿ ಇಲ್ಲಾ ದುಂಡಗ ಮಾಡಿರ್ತಾರ. ತುದಿ ಅರಿಯೋದು ಅಂತೂ ಇನ್ನೂ ಕೆಟ್ಟದ್ದು, ಪೂರಾ ತಾಮ್ರ ಮುಚ್ಚಿದ ಗುಂಡಿನ ತುದಿ ಅರದ್ರ ಒಳಗಿನ ಸೀಸ ಮುಂದಕ್ಕ ಹಾರಿ ತಾಮ್ರದ ಚಿಪ್ಪು ನಳಿಗ್ಯಾಗ ಉಳಿಯೋ ಅಪಾಯ ಐತಿ, ಮುಂದಿನ ಗುಂಡು ಅದಕ್ಕ ಬಡದ್ರ ನಳಿಗೀನ ಒಡೀತೈತಿ. ಹಾರ್ನಡಿ ಕಂಪನಿದು ಮೆತ್ತನ ರಬ್ಬರಿನಂಥ ತುದಿ ಇರೋ ಲಿವರೆವಲ್ಯೂಷನ್ ಅಂತ ಒಂದು ಬರ್ತೈತಿ, ಚೂಪ ಗುಂಡು ಈ ಕೊಳವಿಗೆ ಹಾಕಬಹುದು ಅಂತ ಮಾಡಿದ್ದೇ ಅದು, ಅದರ ಮಾತು ಬ್ಯಾರೆ.

ಇನ್ನ 150, 170. ಕಂಪನಿ ಲೆಕ್ಕದಾಗ 150 ಗ್ರೇನು ಸೆಕೆಂಡಿಗೆ ಸುಮಾರು 2390 ಅಡಿ, 170 ಗ್ರೇನು 2200 ಅಡಿ, ಅದೂ 24 ಇಂಚಿನ ಬ್ಯಾರಲ್‌ನಾಗ. ನಿಮ್ದು 20 ಇಂಚಿನ ಗಿಡ್ಡ ಬ್ಯಾರಲ್ಲಿನ ಕಾರ್ಬೈನ್ ಆಗಿದ್ರ ಇನ್ನೊಂದಿಷ್ಟು ಕಮ್ಮಿ. ನೂರು ಗಜಕ್ಕ ಸರಿಮಾಡಿದ್ರ ಇನ್ನೂರು ಗಜದಾಗ ಎರಡೂ ಎಂಟು ಇಂಚಿನ ಹತ್ರ ಹತ್ರ ಕೆಳಗ ಬೀಳ್ತಾವ. ಅಂದ್ರ ಕಾಗದದ ಮ್ಯಾಲ ಹೇಳಿಕೊಳ್ಳೋ ಫರಕ್ ಇಲ್ಲ. ಫರಕ್ ಇರೋದು ನಿಮ್ ಬ್ಯಾರಲ್ ಯಾವುದನ್ನ ಇಷ್ಟಪಡ್ತೈತಿ ಅನ್ನೋದರಾಗ. ನಂದು 170ನ ಚಪ್ಪಟಿ ಮೂತೀನ ಇಷ್ಟಪಡ್ತೈತಿ, ನನ್ನ ಪಕ್ಕದ ಮನಿಯವರದು ಅದೇ ಕಾಲದ್ದು, 150 ಬಿಟ್ರ ಮಾತಾಡಂಗಿಲ್ಲ. ಹೊಸಾ 170 ಒಂದು ಡಬ್ಬಿ ಸಿಕ್ರ ಎರಡನ್ನೂ ಒಂದೇ ದಿನ, ಒಂದೇ ಕುರ್ಚಿ, ಒಂದೇ ಮರಳಿನ ಚೀಲದ ಮ್ಯಾಲ ಹೊಡದು ನೋಡ್ರಿ.

ಇಲ್ಲಿ ನಾವು ಮನ್ಯಾಗ ತೋಟಾ ತುಂಬತೀವಿ, ಮ್ಯಾನುಯಲ್ ನೋಡಿ ಮದ್ದು ತೂಗಿ, ಗುಂಡಿನ ಗೆರಿ ಮ್ಯಾಲ ತೋಟಾದ ಬಾಯಿ ಬಿಗಿಯಾಗಿ ಮಡಚಿ. ಮಡಚದಿದ್ರ ಸ್ಪ್ರಿಂಗಿಗೆ, ಒದತಕ್ಕ ಗುಂಡು ಒಳಗ ಸರದು ಒತ್ತಡ ಏರ್ತೈತಿ, ಈ ತೋಟಾದ ಒತ್ತಡದ ಮಿತಿನ ಚದರ ಇಂಚಿಗೆ 42,000 ಪೌಂಡ್. ಆದ್ರ ಇಂಡಿಯಾದಾಗ ಆರ್ಮ್ಸ್ ಆಕ್ಟ್ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದ ತೋಟಾ ತಯಾರು ಮಾಡಂಗಿಲ್ಲ, ಆ ಪರಿಚಯದವರ ಹತ್ತು ತೋಟಾ ಎಲ್ಲಿಂದ ಬಂದ್ವು ಅನ್ನೋದನ್ನೂ ಸ್ವಲ್ಪ ಯೋಚನಿ ಮಾಡ್ರಿ. ಡೀಲರ್ ರಸೀದಿ ಇಲ್ಲದ್ದು ಮನಿಗೆ ತರಬ್ಯಾಡ್ರಿ.

ಸಂಡೂರು ಗುಡ್ಡದಾಗಿಂದ

ಚೂಪ ಗುಂಡು ಲಿವರ್ ರೈಫಲ್‌ಗೆ ಆಗೋದೇ ಇಲ್ಲ ಅಂತ ಅಲ್ರೀ. ನಮ್ ದೊಡ್ಡಪ್ಪರ ಹತ್ರ ಸ್ಯಾವೇಜ್ 99 ಇತ್ತು, ಅದರ ಮ್ಯಾಗಜಿನ್ ಕೊಳವಿ ಅಲ್ಲ, ಒಳಗ ಗುಂಡಗ ತಿರುಗೋದು, ಮೂತಿಗೆ ಕೇಪು ತಾಕೋದಿಲ್ಲ, ಅದ್ರಾಗ ನಡೀತೈತೆ. ನಿಮ್ ಪರಿಚಯದವ್ರು ಅಂಥದ್ದು ನೋಡಿ ಹೇಳಿರಬೇಕು. 94ಕ್ಕೆ ಮಾತ್ರ ಮ್ಯಾಲಿನವರು ಹೇಳಿದ್ದೇ ಸರಿ.

ನಾಕನೇದು ಐದನೇದು ಮ್ಯಾಲೇರೋದು ತೋಟಾದ ತಪ್ಪಲ್ಲ. ಬ್ಯಾರಲ್ಲು, ಮ್ಯಾಗಜಿನ್ ಕೊಳವಿ, ಮುಂದಿನ ಕಟ್ಟಿಗಿ ಮೂರನ್ನೂ ಕಬ್ಬಿಣದ ಪಟ್ಟಿ ಹಾಕಿ ಒಂದಕ್ಕೊಂದು ಬಿಗದಿರ್ತಾರೆ, ಬ್ಯಾರಲ್ ಕಾದು ಹಿಗ್ಗಿದ್ರೆ ಆ ಪಟ್ಟಿ ಅದನ್ನ ಒಂದು ಕಡೆ ಎಳೀತೈತೆ. ಬಳ್ಳಾರಿ ಬಿಸಿಲು ಬೇರೆ. ಎರಡು ಗುಂಡು ಹೊಡೀರಿ, ಲಿವರ್ ತೆರೆದಿಟ್ಟು ನೆರಳಾಗ ಇಡ್ರಿ, ಬ್ಯಾರಲ್ ಮುಟ್ಟಿದ್ರೆ ತಣ್ಣಗೆ ಆಗೋವರೆಗೂ ಮುಂದಿನದು ಬ್ಯಾಡ. ತೋಟಾ ಡಬ್ಬಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟಿದ್ರೇನು? ಮದ್ದು ಕಾದ್ರೆ ಒತ್ತಡ ಏರ್ತೈತೆ, ಗುಂಡು ಬೀಳೋ ಜಾಗನೂ ಬದಲಾಗ್ತೈತೆ. ಮರಳಿನ ಚೀಲದ ಮೇಲೆ ಕಟ್ಟಿಗೆ ಇಡ್ರಿ, ಬರೀ ಬ್ಯಾರಲ್ ಇಟ್ಟು ಹೊಡದ್ರೆ ಅದೂ ಮ್ಯಾಲಕ್ಕೆ ಒಯ್ತೈತೆ.

ನಾಕು ಇಂಚು ಎಡಕ್ಕೆ ಹೋಗೋದಕ್ಕೆ ಮಕ್ಕಿ ನೋಡ್ರಿ, ಮುಂದಿನ ನಿಶಾನೆ. ಎಲೆಕ್ಷನ್ ಬಂದಾಗೆಲ್ಲ ಲೈಸೆನ್ಸ್ ಬಂದೂಕು ಡಿಪಾಸಿಟ್‌ಗೆ ಹೋಗಿ ಬರ್ತಾವಲ್ಲ, ಎಲ್ಲೋ ತಾಗಿ ಸರದಿರಬಹುದು. ಗುಂಡು ಯಾವ ಕಡೆ ಹೋಗ್ತೈತೋ ಮಕ್ಕಿನ ಅದೇ ಕಡೆ ಸರಿಸಬೇಕು, ಎಡಕ್ಕೆ ಹೋದ್ರೆ ಎಡಕ್ಕೇ. ಎರಡು ನಿಶಾನೆ ನಡುವೆ 16 ಇಂಚು ಅಂತ ಹಿಡದ್ರೆ ನೂರು ಗಜದ ನಾಕು ಇಂಚಿಗೆ ಅರ್ಧ ಮಿಲಿಮೀಟರ್‌ಗಿಂತ ಒಂಚೂರು ಕಮ್ಮಿ ಸರಿಸಬೇಕಾಗ್ತೈತೆ. ಅದಕ್ಕೇ ಮೊದ್ಲು ಪೆನ್ಸಿಲ್ ಗೆರೆ ಹಾಕಿಕೊಳ್ರಿ, ಹಿತ್ತಾಳಿ ಪಂಚು ಇಟ್ಟು ಸಣ್ಣ ಸುತ್ತಿಗೀಲಿ ಬರೀ ತಟ್ರಿ.

ಸಿರುಗುಪ್ಪ ಗದ್ದಿಯವ

ಕಾಕಾರ, ಅಣ್ಣಾರ, ಎಲ್ರಿಗೂ ದೊಡ್ಡ ನಮಸ್ಕಾರ. ತೋಟಾ ಕೊಡ್ತೀನಿ ಅಂದವರಿಗೆ ಬ್ಯಾಡ ಅಂದೆ, ಎರಡು ಪೆನ್ನು ಇಟ್ಟು ತೋರಿಸಿದ ಮ್ಯಾಲ ಅವರೂ ಸುಮ್ಮನಾದ್ರು. ತಾತನ ಡಬ್ಯಾಗ ಉಳದ ಹದಿನಾಕು ಡೀಲರ್‌ಗೆ ಒಪ್ಪಿಸಿ ಬರಸ್ಕೊಂಡು ಬಂದೆ, ಖಾಲಿ ಡಬ್ಬಿ ಮಾತ್ರ ಕೇಳಿ ಇಸ್ಕೊಂಡೆ, ಅದರ ಮ್ಯಾಲ ತಾತನ ಕೈಬರಹದ ಲೆಕ್ಕ ಐತಿ.

ನಿನ್ನೆ ಬೆಳಿಗ್ಗಿ ಏಳಕ್ಕ ರೇಂಜಿಗೆ ಹೋದೆ. ಪೆನ್ಸಿಲ್ ಗೆರಿ ಹಾಕಾಕ ಹೋಗಿ ನೋಡ್ತೀನಿ, ಮಕ್ಕಿ ಬುಡದ ಎಡಕ್ಕ ಹಳೀ ಗೆರಿ ಒಂದು ಆಗಲೇ ಐತಿ, ಸೂಜೀಲಿ ಗೀರಿದ್ದು, ಮಕ್ಕಿ ಅದರಿಂದ ಬಲಕ್ಕ ಸರದಿತ್ತು. ತಾತ ಹಾಕಿದ್ದೇ ಇರಬೇಕು. ಆ ಗೆರಿಗೆ ಸರಿಯಾಗಿ ತಟ್ಟಿ ಕುಂದ್ರಿಸಿದೆ. 150 ಗ್ರೇನು, ಎರಡೆರಡು ಹೊಡದು ತಣಿಸಿ, ಆರು ಗುಂಡು ಮೂರು ಇಂಚಿನಾಗ ಕುಂತ್ವು, ನಟ್ಟ ನಡುವಿಂದ ಒಂದು ಬೆರಳು ಕೆಳಗ ಅಷ್ಟ. ಡೀಲರ್‌ಗೆ ಹೊಸಾ 170 ಒಂದು ಡಬ್ಬಿ ಬಂದ್ರ ಎತ್ತಿಡು ಅಂತ ಹೇಳೀನಿ. ಕಾಕಾರ, ಗನ್‌ಸ್ಮಿತ್ ಬಾಯಿ ಅಂಚು ನೋಡಿ ಬಲಕ್ಕ ಒಂದಿಷ್ಟು ಸವೆದೈತಿ ಅಂದ್ರು, ಗುಂಪು ಮೂರು ಇಂಚಿನಾಗ ಬರ್ತಿರೋತನಕ ಹಂಗ ಬಿಡೋದು ಒಳ್ಳೇದಾ ಇಲ್ಲಾ ಈಗಲೇ ಸರಿ ಮಾಡಿಸೋದಾ?

ಮಸ್ಕಿ ಕಾಕಾ

ಹಂಗ ಬಿಡು ತಮ್ಮಾ. ಮೂರು ಇಂಚು ಆ ವಯಸ್ಸಿನ ರೈಫಲ್‌ಗೆ, ಬರೀ ಕಬ್ಬಿಣದ ನಿಶಾನಿಗೆ ಚಲೋ ಗುಂಪು. ಬಾಯಿ ಕೊರದ್ರ ತಿರುಗಿ ಬರೂದಿಲ್ಲ. 170 ಹೊಡದು ನೋಡು, ಐದಾರು ಇಂಚಿಗೆ ಹೋದ್ರ ಅವಾಗ ಮಾತಾಡೋಣ. ಆ ಡಬ್ಬಿ ಮ್ಯಾಲ ತಾತ ಏನು ಬರದಾರ ಅನ್ನೋದು ಹಾಕು, ಯಾವ ಗ್ರೇನಿಗೆ ಆ ಗೆರಿ ಹಾಕಿದ್ರು ಅಂತ ಗೊತ್ತಾಗ್ತದ.